ಬೇತಾಳನ ಪ್ರಶ್ನೆ

ರಕ್ತವನ್ನು ಕುಡಿದು ಬದುಕುವ, ಸತ್ತೂ ಸಾಯದ ಪುರುಷನೊಬ್ಬನು ಮರ್ತ್ಯಕನ್ಯೆಯೊಬ್ಬಳಲ್ಲಿ ಅನುರಕ್ತನಾಗುವ ಕಥೆಯು ಕಳೆದ ಒಂದೆರಡು ದಶಕಗಳಿಂದ ಕಿರುತೆರೆಯ ಧಾರಾವಾಹಿಗಳಿಗೆ ಅತ್ಯಂತ ಪ್ರಿಯವಾದ ವಸ್ತುವಾಗಿದೆ. 2009ರಿಂದ 2017ರವರೆಗೆ ಅಮೆರಿಕದಲ್ಲಿ ನಡೆದ ‘ದಿ ವ್ಯಾಂಪೈರ್ ಡೈರೀಸ್’ ಧಾರಾವಾಹಿಯ ಸ್ಟೆಫಾನನು, 1864ರಲ್ಲಿ ತನ್ನನ್ನು ಮರುಳುಗೊಳಿಸಿದ ಕ್ಯಾಥರೀನಳ ಮುಖವನ್ನೇ ಹೊತ್ತ ಎಲೆನಾಳನ್ನು ಕಂಡು ತಲ್ಲಣಿಸುತ್ತಾನೆ. 2010ರಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಮೊದಲಾದ ಹಿಂದಿಯ ‘ಪ್ಯಾರ್ ಕೀ ಯೇ ಏಕ್ ಕಹಾನೀ’ಯ ಅಭಯನಿಗೂ, ಹಿಂದೊಮ್ಮೆ ಪ್ರೀತಿಸಿ ಕಳೆದುಕೊಂಡ ಮೈಥಿಲಿಯ ರೂಪವು ಪಿಯಾ ಎಂಬ ಕಾಲೇಜು ಹುಡುಗಿಯಲ್ಲಿ ಮರಳಿ ಕಾಣಿಸಿಕೊಂಡು ಅದೇ ತಲ್ಲಣವನ್ನು ತರುತ್ತದೆ. ಇಂಥ ಧಾರಾವಾಹಿಯ ಯಾವ ಕಂತನ್ನು ತೆಗೆದು ನೋಡಿದರೂ ಅದರ ಒಡಲಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುವುವು: ಕೂಡಬಾರದವರ ಪ್ರೇಮ ಒಂದು; ತೀರಿಹೋಯಿತೆಂದು ಬಗೆದ ಗತಕಾಲವು ತೀರದೆ ಬಂದು ಹೊಸ್ತಿಲಲ್ಲಿ ನಿಲ್ಲುವುದು ಇನ್ನೊಂದು. ಇದೆಲ್ಲವೂ ಯೂರೋಪಿನ ಪಾಳುಕೋಟೆಗಳಿಂದ, 1897ರಲ್ಲಿ ಬ್ರ್ಯಾಮ್ ಸ್ಟೋಕರನು ಬರೆದ ‘ಡ್ರಾಕುಲಾ’ ಕಾದಂಬರಿಯಿಂದ, ನಮ್ಮೆಡೆಗೆ ಬಂದಿಳಿದ ಸರಕೆಂದು ನಮ್ಮ ಪ್ರೇಕ್ಷಕರಲ್ಲಿ ಬಹುಮಂದಿ ನಂಬಿದ್ದಾರೆ. ಆದರೆ ಪ್ರೇತವೂ ಪ್ರಣಯವೂ ಒಂದೇ ಕಥೆಯಲ್ಲಿ ಕೂಡಿ ಬಾಳಿದ ಹಳೆಯ ಮನೆಯೊಂದು ನಮಗೆ ಬಹು ಸಮೀಪದಲ್ಲಿಯೇ ಉಂಟು. ಅದು ಗೋದಾವರಿಯ ದಂಡೆ.

ನಾಸಿಕದ ಪಶ್ಚಿಮಕ್ಕಿರುವ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟಿ, ಪಂಚವಟಿಯನ್ನು ಬಳಸಿಕೊಂಡು, ಪೂರ್ವಾಭಿಮುಖವಾಗಿ ಹರಿಯುತ್ತ ಈ ನದಿಯು, ಹಿಂದೆ ಔರಂಗಾಬಾದೆಂದು ಕರೆಯಿಸಿಕೊಳ್ಳುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಮುಟ್ಟುತ್ತದೆ. ಇಂದು ಜಾಯಕವಾಡಿ ಅಣೆಕಟ್ಟಿನ ನೀರಿನ ಮಗ್ಗುಲಲ್ಲಿರುವ ಈ ಸಣ್ಣ ಊರೇ ಸಾತವಾಹನರ ರಾಜಧಾನಿಯಾಗಿದ್ದ ಪ್ರತಿಷ್ಠಾನ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದುದೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಎಲ್ಲೆಯನ್ನು ಗುರುತಿಸಿದಾಗ, ಆ ಎಲ್ಲೆಯ ಉತ್ತರದ ಅಂಚು ಇಂಥ ಊರುಗಳ ಮೇಲೆಯೇ ಹಾದುಹೋಗಿತ್ತು, ಆದಕಾರಣ ಅಲ್ಲಿನ ಕಥೆಯನ್ನು ನಾವು ಪರರ ಕಥೆಯೆಂದು ಕೇಳಬೇಕಾಗಿಲ್ಲ.

ಕಾಶ್ಮೀರದ ಅನಂತರಾಜನ ರಾಣಿಯಾದ ಸೂರ್ಯಮತಿಯ ಮನೋವಿನೋದಕ್ಕೆಂದು ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ವೃತ್ತಾಂತವು ಉಜ್ಜಯಿನಿಯಲ್ಲಿ ಆರಂಭವಾಗುವುದಿಲ್ಲ, ಗೋದಾವರೀತೀರದ ಪ್ರತಿಷ್ಠಾನದಲ್ಲಿ, ವಿಕ್ರಮಸೇನನ ಮಗನಾದ ತ್ರಿವಿಕ್ರಮಸೇನನ ಆಸ್ಥಾನದಲ್ಲಿ ಆರಂಭವಾಗುತ್ತದೆ. ಕ್ಷಾಂತಿಶೀಲನೆಂಬ ಭಿಕ್ಷುವೊಬ್ಬನು ಪ್ರತಿದಿನವೂ ಬಂದು ಅರಸನ ಕೈಯಲ್ಲಿ ಒಂದು ಹಣ್ಣನ್ನಿಟ್ಟು ಹೋಗುವನು; ವರ್ಷಗಟ್ಟಲೆ ಅದರ ಕಡೆಗೆ ಲಕ್ಷ್ಯವೇ ಹೋಗಲಿಲ್ಲ; ಒಂದು ದಿನ ಸಾಕಿದ ಕೋತಿಯೊಂದು ಆ ಹಣ್ಣನ್ನು ಕಚ್ಚಿ ಒಡೆಯಲಾಗಿ ಒಳಗಿನಿಂದ ಅನರ್ಘ್ಯವಾದ ರತ್ನವು ಉರುಳಿತು. ಇಷ್ಟು ಕಾಲದ ಋಣಕ್ಕೆ ಭಿಕ್ಷುವು ಬೇಡಿದುದು ಒಂದೇ: ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಮಹಾಶ್ಮಶಾನಕ್ಕೆ ಬಂದು, ಶಿಂಶಪಾ ವೃಕ್ಷಕ್ಕೆ ತೂಗಿಬಿದ್ದ ಶವವನ್ನು ಹೆಗಲಮೇಲೆ ಹೊತ್ತು ತರಬೇಕು; ತರುವಾಗ ಮಾತನಾಡಕೂಡದು. ಆ ಶವದೊಳಗೆ ಬೇತಾಳನು ಸೇರಿದ್ದಾನೆ. ದಾರಿಯ ಬೇಸರವನ್ನು ಕಳೆಯುವೆನೆಂದು ಕಥೆ ಹೇಳುತ್ತಾನೆ. ಕಥೆಯ ಕೊನೆಯಲ್ಲಿ ಪ್ರಶ್ನೆಯೊಂದನ್ನು ಕೇಳಿ, ಉತ್ತರ ತಿಳಿದೂ ಸುಮ್ಮನಿದ್ದರೆ ನಿನ್ನ ತಲೆ ಹೋಳಾಗುವುದೆನ್ನುತ್ತಾನೆ. ಅರಸನು ಬಾಯ್ದೆರೆದು ಸತ್ಯವನ್ನು ನುಡಿದ ಕೂಡಲೆ ಮರಳಿ ಮರಕ್ಕೆ ಹಾರಿಹೋಗುತ್ತಾನೆ. ಕನ್ನಡ ‘ಚಂದಮಾಮ’ವನ್ನು ಓದಿ ಬೆಳೆದ ತಲೆಮಾರುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಒಂದು ಕೈಯಲ್ಲಿ ಖಡ್ಗ, ಹೆಗಲಮೇಲೆ ಜೋತುಬಿದ್ದ ಹೆಣ, ಸುತ್ತ ತಲೆಬುರುಡೆಗಳ ನಡುವೆ ದಿಟ್ಟ ಹೆಜ್ಜೆಯಿಡುವ ಅರಸ, ಹೀಗೆ ಚಿತ್ರಕಾರ ಶಂಕರ್ ಬರೆದ ಆ ಚಿತ್ರವು ಎಷ್ಟೋ ಮಂದಿ ಕನ್ನಡ ಮಕ್ಕಳಿಗೆ ಭಯದ ಮತ್ತು ಧೈರ್ಯದ ಮೊದಲ ಪಾಠವಾಗಿತ್ತು. ಛಲ ಬಿಡದ ತ್ರಿವಿಕ್ರಮನೆಂದು ನಾವು ಇಂದಿಗೂ ಮಾತಿನಲ್ಲಿ ನೆನೆಯುವ ಪುರುಷನು ಪೈಠಣದವನು.

ಬೇತಾಳನು ಹೇಳುವ ಕಥೆಗಳಲ್ಲಿ ಹೆಚ್ಚಿನವು ಪ್ರೇಮದ ಕಥೆಗಳು. ಅದರಲ್ಲಿಯೂ ಲೋಕದ ಕಟ್ಟಳೆಗೆ ಅಡ್ಡ ನಿಂತ ಪ್ರೇಮದವು. ಮದನಸೇನೆಯ ಕಥೆಯೊಂದನ್ನು ಇಲ್ಲಿ ಸ್ವಲ್ಪ ಸಾವಕಾಶವಾಗಿ ನೋಡೋಣ. ಏಕೆಂದರೆ ಕಿರುತೆರೆಯ ಒಂದು ಕಂತಿನ ಅಳತೆಗೆ ಅದು ಹೇಳಿ ಮಾಡಿಸಿದಂತಿದೆ. ಅರ್ಥದತ್ತನೆಂಬ ವರ್ತಕನ ಮಗಳಾದ ಆಕೆಯನ್ನು ಉದ್ಯಾನದಲ್ಲಿ ಕಂಡು ಅಣ್ಣನ ಗೆಳೆಯನಾದ ಧರ್ಮದತ್ತನು ಮೋಹಪರವಶನಾಗುತ್ತಾನೆ. ಆದರೆ ಆಕೆಯನ್ನು ತಂದೆಯು ಅದಾಗಲೇ ಸಮುದ್ರದತ್ತನಿಗೆ ಕೊಡುವುದಾಗಿ ಮಾತುಕೊಟ್ಟಿದ್ದಾನೆ. ಏಕಾಂತದಲ್ಲಿ ಧರ್ಮದತ್ತನು ಆಕೆಯನ್ನು ಒತ್ತಾಯಪಡಿಸುವಾಗ, ತಂದೆಗೆ ಕನ್ಯಾದಾನದ ಫಲವು ತಪ್ಪಬಾರದು, ವಿವಾಹವಾದ ಮೇಲೆ ಗಂಡನನ್ನು ಸೇರುವ ಮೊದಲು ನಿನ್ನೆಡೆಗೆ ಬರುವೆನು, ಎಂದು ಆಕೆ ಪ್ರತಿಜ್ಞೆ ಮಾಡಿ ಪಾರಾಗುತ್ತಾಳೆ. ಮದುವೆಯ ರಾತ್ರಿ ಆ ಪ್ರತಿಜ್ಞೆಯು ಶಯನಗೃಹದಲ್ಲಿ ಎದ್ದುನಿಲ್ಲುತ್ತದೆ. ಗಂಡನಿಗೆ ಆಕೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ಅವನು ನೊಂದು, ಚಿಂತಿಸಿ, ಕಡೆಗೆ ಹೋಗೆಂದು ಬಿಡುತ್ತಾನೆ. ಸರ್ವಾಭರಣಭೂಷಿತೆಯಾಗಿ ನಡುರಾತ್ರಿಯಲ್ಲಿ ಹೊರಟವಳನ್ನು ಕಳ್ಳನೊಬ್ಬನು ತಡೆಯುತ್ತಾನೆ. ಹಿಂದಿರುಗಿ ಬರುವೆನೆಂದು ಅವನಿಗೂ ಮಾತುಕೊಟ್ಟು ಮುಂದೆ ಹೋದರೆ, ಧರ್ಮದತ್ತನು ಈಗ ಪರಪತ್ನಿಯಾದ ನಿನ್ನನ್ನು ನಾನು ಬಯಸಲಾರೆನೆಂದು ಕಳುಹಿಸುತ್ತಾನೆ. ಹಿಂದಿರುಗುವಾಗ ಕಳ್ಳನೂ ಆಕೆಯ ಸತ್ಯನಿಷ್ಠೆಗೆ ಬೆರಗಾಗಿ ಒಂದು ಒಡವೆಯನ್ನೂ ಮುಟ್ಟದೆ ಬಿಡುತ್ತಾನೆ. ಆಕೆ ಗಂಡನ ಮನೆಗೆ ಬಂದು ನಡೆದುದನ್ನೆಲ್ಲ ನುಡಿಯುತ್ತಾಳೆ.

ಹುಲಿಗೆ ಮಾತುಕೊಟ್ಟು ಕರುವಿಗೆ ಹಾಲೂಡಿಸಿ ಮರಳಿ ಬಂದ ಪುಣ್ಯಕೋಟಿಯ ಕಥೆಯನ್ನು ಕೇಳಿದ ಕನ್ನಡಿಗನಿಗೆ ಇಲ್ಲಿನ ಮನೋಧರ್ಮವು ಹೊಸದಾಗಿ ತೋರದು. ಆದರೆ ಗೋವಿನ ಹಾಡು ನಿಲ್ಲುವ ಎಡೆಯಲ್ಲಿ ಬೇತಾಳನ ಕಥೆ ನಿಲ್ಲುವುದಿಲ್ಲ. ಗಂಡ, ಪ್ರಿಯ, ಕಳ್ಳ, ಈ ಮೂವರಲ್ಲಿ ನಿಜವಾಗಿ ಉದಾರಿ ಯಾರೆಂದು ಅವನು ಕೇಳುತ್ತಾನೆ. ಅರಸನ ಉತ್ತರವು ನನ್ನ ಮಟ್ಟಿಗೆ ಭಾರತೀಯ ಕಥಾಸಾಹಿತ್ಯದ ಅತ್ಯಂತ ನಿರ್ದಾಕ್ಷಿಣ್ಯವಾದ ತೀರ್ಪುಗಳಲ್ಲಿ ಒಂದು: ಅನ್ಯನಲ್ಲಿ ಮನಸ್ಸಿಟ್ಟವಳೆಂದು ತಿಳಿದ ಮೇಲೆ ಕುಲೀನನಾದ ಗಂಡನು ಆಕೆಯನ್ನು ಹಿಡಿದಿಡುವುದಾದರೂ ಹೇಗೆ? ಪ್ರಿಯನ ಮೋಹವು ಕಾಲಕಳೆದಂತೆ ತಣಿದಿತ್ತು, ಮೇಲಾಗಿ ಮರುದಿನ ಗಂಡನು ಅರಸನಲ್ಲಿ ದೂರುವನೆಂಬ ಅಂಜಿಕೆಯೂ ಇತ್ತು. ಕಳ್ಳನಿಗೆ ಕತ್ತಲಿತ್ತು, ಅಂಜಿಕೆಯಿರಲಿಲ್ಲ, ಪಾಪವು ಅವನ ವೃತ್ತಿಯಾಗಿತ್ತು. ಅಂಥವನು ಒಡವೆಸಹಿತಳಾದ ಸುಂದರಿಯನ್ನು ಬಿಟ್ಟನೆಂದರೆ ಅವನೇ ಉದಾರಿ. ತ್ಯಾಗದ ಬೆಲೆಯನ್ನು ಅದರ ಹೊರರೂಪದಿಂದ ಎಣಿಸದೆ, ಮಾಡದಿರಲು ಅವನಿಗಿದ್ದ ಅವಕಾಶವೆಷ್ಟು, ತಡೆಯೆಷ್ಟು ಎಂದು ತೂಗಿ ನೋಡುವ ಈ ಬುದ್ಧಿಯು ಪಕ್ವವಾದ ಸಮಾಜವೊಂದರ ಬುದ್ಧಿ. ಇಂಗ್ಲಿಷ್ ಕವಿ ಚಾಸರನು ಹದಿನಾಲ್ಕನೆಯ ಶತಮಾನದಲ್ಲಿ ‘ಫ್ರಾಂಕ್ಲಿನನ ಕಥೆ’ಯಲ್ಲಿ ಇಂಥದೇ ಪ್ರತಿಜ್ಞೆಯ ಸಂಕಟವನ್ನು ಹೇಳಿ, ಇಂಥದೇ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಕೇಳುಗರಿಗೆ ಬಿಟ್ಟನು. ವಿದ್ವಾಂಸರು ಆ ಕಥೆಯ ಬಂಧುಗಳನ್ನು ಅರಸುತ್ತ ಹೋದಾಗ ಮದನಸೇನೆಯ ಬಳಿಗೂ ಬಂದು ತಲಪಿದರು.

ಇಂಥ ಕಥೆಗಳ ಮೂಲಪುರುಷನೆಂದು ಪರಂಪರೆಯು ಹೇಳುವ ಗುಣಾಢ್ಯನ ಸ್ವಂತ ಜನ್ಮವೃತ್ತಾಂತವೇ ನಿಷಿದ್ಧ ಪ್ರಣಯದ ಒಂದು ಅಧ್ಯಾಯ. ಸೋಮದೇವನು ತಿಳಿಸುವಂತೆ, ಪ್ರತಿಷ್ಠಾನದ ಸೀಮೆಯ ಸೋಮಶರ್ಮನೆಂಬ ಬ್ರಾಹ್ಮಣನು ತೀರಿಕೊಂಡ ಬಳಿಕ ಅವನ ಮಗಳು ಶ್ರುತಾರ್ಥೆಯು ಗರ್ಭಿಣಿಯಾದಳು. ಮನೆಯಲ್ಲಿ ಬೇರೆ ಗಂಡಸರಿಲ್ಲದ್ದರಿಂದ ಅವಳ ಇಬ್ಬರು ಅಣ್ಣಂದಿರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡತೊಡಗಿದರು. ಆಗ ಅವಳು, ನಾಗರಾಜ ವಾಸುಕಿಯ ಸಂಬಂಧಿಯಾದ ಕೀರ್ತಿಸೇನನು ತನ್ನನ್ನು ಗಾಂಧರ್ವವಿಧಿಯಿಂದ ವರಿಸಿದನೆಂದು ಹೇಳಿದಳು. ಹಾಗೆ ಹುಟ್ಟಿದ ಮಗು ಗುಣಾಢ್ಯ. ಅವನ ಹಿಂದೆಯೂ ಒಂದು ಗತಕಾಲವುಂಟು: ಪೂರ್ವಜನ್ಮದಲ್ಲಿ ಅವನು ಮಾಲ್ಯವಾನನೆಂಬ ಶಿವಗಣ, ಶಿವನು ಪಾರ್ವತಿಗೆ ಏಕಾಂತದಲ್ಲಿ ಹೇಳಿದ ಕಥೆಯನ್ನು ಕದ್ದು ಕೇಳಿದ ಪುಷ್ಪದಂತನ ಪರವಾಗಿ ಬೇಡಿಕೊಂಡದ್ದಕ್ಕೆ ತಾನೂ ಶಾಪಗ್ರಸ್ತನಾದವನು. ಸಾತವಾಹನ ರಾಜನ ಆಸ್ಥಾನದಲ್ಲಿ ಪಂಥವೊಂದರಲ್ಲಿ ಸೋತು, ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದು, ವಿಂಧ್ಯಾಟವಿಯ ಪಿಶಾಚರಿಂದ ಅವರ ನುಡಿಯನ್ನು ಕಲಿತು, ಮಸಿಯಿಲ್ಲದ ಆ ಕಾಡಿನಲ್ಲಿ ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಅವನು ಬರೆದನೆಂದೂ, ಅರಸನು ಅದನ್ನು ತಿರಸ್ಕರಿಸಲಾಗಿ ಕಾಡಿನ ಮೃಗಗಳಿಗೆ ಓದಿ ಹೇಳುತ್ತ ಒಂದೊಂದೇ ಎಲೆಯನ್ನು ಅಗ್ನಿಗೆ ಹಾಕಿದನೆಂದೂ, ಪಶ್ಚಾತ್ತಾಪಗೊಂಡು ಅರಸನು ಓಡಿಬರುವ ವೇಳೆಗೆ ಒಂದು ಲಕ್ಷ ಮಾತ್ರ ಉಳಿದಿತ್ತೆಂದೂ ಪ್ರತೀತಿ. ರಕ್ತವನ್ನು ಹೀರುವ ಪ್ರೇತಗಳ ಕಥೆಗಳು ಲೋಕದಲ್ಲಿ ಬೇಕಾದಷ್ಟುಂಟು. ಪ್ರೇತಗಳ ಭಾಷೆಗೆ ತನ್ನ ರಕ್ತವನ್ನೇ ಧಾರೆಯೆರೆದ ಕವಿಯ ಕಥೆ ಇದೊಂದೇ ಇರಬೇಕು.

ಕನ್ನಡ ನಾಡು ಈ ಕವಿಯನ್ನು ಬಹು ಬೇಗನೆ ತನ್ನವನನ್ನಾಗಿ ಮಾಡಿಕೊಂಡಿತು. ಆರನೆಯ ಶತಮಾನದ ಗಂಗರಾಜ ದುರ್ವಿನೀತನು ‘ವಡ್ಡಕಥೆ’ಯನ್ನು, ಎಂದರೆ ಬೃಹತ್ಕಥೆಯನ್ನು, ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ, ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ‘ಪಂಚತಂತ್ರ’ವನ್ನು ಕನ್ನಡಿಸುವಾಗ ಗುಣಾಢ್ಯನನ್ನೇ ಮೂಲಕರ್ತೃವೆಂದು ನೆನೆಯುತ್ತಾನೆ.

ಪೈಠಣದಿಂದ ಉತ್ತರಕ್ಕೆ, ಸಂಭಾಜಿನಗರವನ್ನು ದಾಟಿ ಎಲ್ಲೋರಕ್ಕೆ ಬಂದರೆ, ಅಕ್ಷರದಲ್ಲಿ ಕೇಳಿದುದು ಕಲ್ಲಿನಲ್ಲಿ ಕಾಣಿಸುತ್ತದೆ. ರಾಷ್ಟ್ರಕೂಟ ದಂತಿದುರ್ಗನ ಶಾಸನವನ್ನುಳ್ಳ ಹದಿನೈದನೆಯ ಗುಹೆಯಲ್ಲಿ, ದಶಾವತಾರ ಗುಹೆಯೆಂದು ಹೆಸರಾದುದರಲ್ಲಿ, ಅಂಧಕಾಸುರವಧೆಯ ಉಬ್ಬುಚಿತ್ರವೊಂದುಂಟು. ಶಿವನು ತ್ರಿಶೂಲದಿಂದ ಅಂಧಕನನ್ನು ಇರಿದು ಮೇಲೆತ್ತಿದ್ದಾನೆ. ಕೆಳಗೆ, ಎಲುಬುಗಳೆಲ್ಲ ಎಣಿಸುವಂತೆ ಒಣಗಿದ ದೇಹದ, ಜೋತುಬಿದ್ದ ಸ್ತನಗಳ ಕಾಳಿಯು ಪಾತ್ರೆಯನ್ನು ಹಿಡಿದು ರಕ್ತಕ್ಕಾಗಿ ಕಾದು ಕುಳಿತಿದ್ದಾಳೆ. ಏಕೆಂದರೆ ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದಲೂ ಒಬ್ಬೊಬ್ಬ ಅಸುರನು ಹುಟ್ಟುವನು. ಈ ಅಂಧಕನು ಯಾರು? ಶೈವಪುರಾಣದ ಪ್ರಕಾರ, ಪಾರ್ವತಿಯು ವಿನೋದಕ್ಕೆ ಶಿವನ ಕಣ್ಣುಗಳನ್ನು ಮುಚ್ಚಿದಾಗ ಕವಿದ ಕತ್ತಲೆಯಲ್ಲಿ ಹುಟ್ಟಿದ ಕುರುಡು ಶಿಶು. ಹಿರಣ್ಯಾಕ್ಷನ ಮನೆಯಲ್ಲಿ ಬೆಳೆದವನು. ತನ್ನ ಹುಟ್ಟನ್ನು ಅರಿಯದೆ, ತಾಯಿಯ ಸ್ಥಾನದಲ್ಲಿರುವ ಪಾರ್ವತಿಯನ್ನೇ ಬಯಸಿದವನು. ಬಯಸಬಾರದ್ದನ್ನು ಬಯಸಿದ ಪಾಪ, ಅರಿಯದ ಜನ್ಮರಹಸ್ಯ, ತಣಿಯದ ರಕ್ತದಾಹ, ಈ ಮೂರನ್ನು ಎಂಟನೆಯ ಶತಮಾನದ ಶಿಲ್ಪಿಯು ಒಂದೇ ಗೋಡೆಯಲ್ಲಿ ತಂದು ನಿಲ್ಲಿಸಿದ್ದಾನೆ. ಪುರಾಣವು ಇದನ್ನು ವಧೆಯಲ್ಲಿ ಮುಗಿಸುವುದಿಲ್ಲವೆಂಬುದನ್ನು ಮರೆಯಬಾರದು: ಶೂಲದ ತುದಿಯಲ್ಲಿ ಒಣಗಿ ಕಲ್ಮಷ ಕಳೆದ ಅಂಧಕನು ಶಿವನನ್ನು ಸ್ತುತಿಸಿ, ಗಣಗಳಲ್ಲಿ ಒಬ್ಬನಾಗಿ, ಮಗನೆಂಬ ಪದವಿಗೆ ಮರಳುತ್ತಾನೆ.

ನದಿಯ ಮೇಲ್ಗಡೆಗೆ, ನಾಸಿಕಕ್ಕೆ, ಹೋದರೆ ಭೀತಿಯು ಕಡಮೆಯಾಗಿ ಸ್ಮೃತಿಯ ಬಾಧೆ ಹೆಚ್ಚುತ್ತದೆ. ಶೂರ್ಪನಖಿಯು ರಾಮನನ್ನು ಮೋಹಿಸಿ ಮೂಗನ್ನು ಕಳೆದುಕೊಂಡ ಸ್ಥಳವೆಂದು ಜನ ತೋರಿಸುವ ಪಂಚವಟಿಗೇ, ಭವಭೂತಿಯು ‘ಉತ್ತರರಾಮಚರಿತ’ದ ಮೂರನೆಯ ಅಂಕದಲ್ಲಿ ರಾಮನನ್ನು ಮತ್ತೆ ಕರೆತರುತ್ತಾನೆ. ಲೋಕಾಪವಾದಕ್ಕೆ ಅಂಜಿ ಸೀತೆಯನ್ನು ತೊರೆದು ಹನ್ನೆರಡು ವರ್ಷಗಳಾಗಿವೆ. ಅವಳೊಡನೆ ಬಾಳಿದ ಗಿಡ, ಬಳ್ಳಿ, ಕಲ್ಲು, ಅವಳು ಸಾಕಿದ ಆನೆಮರಿ, ಒಂದೊಂದೂ ಅವನನ್ನು ಇರಿಯುತ್ತವೆ. ಗಂಗೆಯ ವರದಿಂದ ಯಾರ ಕಣ್ಣಿಗೂ ಬೀಳದ ಸೀತೆಯು ಅಲ್ಲಿಯೇ ನಿಂತಿದ್ದಾಳೆ. ಮೂರ್ಛೆಹೋದ ಗಂಡನನ್ನು ಮುಟ್ಟಿ ಎಚ್ಚರಿಸುತ್ತಾಳೆ. ಅವನು ಆ ಸ್ಪರ್ಶವನ್ನು ಗುರುತಿಸುತ್ತಾನೆ, ಆಕೆಯನ್ನು ಕಾಣಲಾರ. ಪತಿಪತ್ನಿಯರ ಪ್ರೇಮವನ್ನೇ ಲೋಕವು ನಿಷೇಧಿಸಿದಾಗ ಬದುಕಿರುವವಳು ಬದುಕಿರುವವನಿಗೆ ಛಾಯೆಯಾಗಿ ಸುಳಿಯಬೇಕಾಗುವ ಈ ದೃಶ್ಯದ ಮುಂದೆ, ಗತಜನ್ಮದ ಪ್ರೇಯಸಿಯ ಮುಖವನ್ನು ತೋರಿಸಿ ಕಣ್ಣೀರು ತರಿಸುವ ಕಿರುತೆರೆಯ ಯಾವ ಸನ್ನಿವೇಶವೂ ನಿಲ್ಲಲಾರದು. ಇದೇ ನದಿಯ ಪೊದೆಗಳ ಮರೆಯಲ್ಲಿ ಕದ್ದು ಕೂಡುವವರನ್ನು ಸಾತವಾಹನ ಹಾಲನ ‘ಗಾಥಾಸಪ್ತಶತಿ’ಯು ನೂರಾರು ವರ್ಷಗಳ ಮೊದಲೇ ಹಾಡಿತ್ತು. ತನ್ನ ಸಂಕೇತಸ್ಥಳದಲ್ಲಿ ಹೂ ಕೊಯ್ಯಲು ಬರುವ ಧಾರ್ಮಿಕನೊಬ್ಬನಿಗೆ, ನಿಮ್ಮನ್ನು ಅಂಜಿಸುತ್ತಿದ್ದ ನಾಯಿಯನ್ನು ಗೋದಾವರಿಯ ಪೊದೆಯ ಸಿಂಹವು ಕೊಂದಿತೆಂದು ಸಮಾಧಾನ ಹೇಳುವ ನೆಪದಲ್ಲಿ ಅವನನ್ನು ಓಡಿಸುವ ಜಾಣೆಯ ಗಾಥೆಯೊಂದು ಅದರಲ್ಲಿದೆ. ಆನಂದವರ್ಧನನು ಧ್ವನಿಸಿದ್ಧಾಂತವನ್ನು ನಿರೂಪಿಸುವಾಗ ಅದನ್ನೇ ಉದಾಹರಿಸಿದನು.

ತೀರದ ಗತಕಾಲವನ್ನು ತೀರಿಸುವ ವಿಧಿಯೂ ಈ ನದಿಯ ಹುಟ್ಟಿನೆಡೆಯಲ್ಲಿಯೇ ಉಂಟು. ಅಪಮೃತ್ಯುವಿಗೀಡಾಗಿ, ಆಸೆ ತೀರದೆ, ವಂಶವನ್ನು ಕಾಡುವ ಜೀವಗಳಿಗೆ ಸದ್ಗತಿಯಾಗಲೆಂದು ತ್ರ್ಯಂಬಕೇಶ್ವರದಲ್ಲಿ ಮೂರು ದಿನಗಳ ನಾರಾಯಣಬಲಿ-ನಾಗಬಲಿಯನ್ನು ಮಾಡಿಸುತ್ತಾರೆ. ಗೋದಿಯ ಹಿಟ್ಟಿನ ಪುತ್ಥಳಿಯಲ್ಲಿ ಪ್ರೇತವನ್ನು ಆವಾಹಿಸಿ, ಮನುಷ್ಯನಿಗೆ ಮಾಡುವಂತೆಯೇ ಅದಕ್ಕೆ ಸಂಸ್ಕಾರ ಮಾಡುತ್ತಾರೆ. ಹೆಸರು ತಿಳಿಯದ ಪೂರ್ವಿಕನ ಅಳಲಿಗೂ ಇಂದಿನವನು ಹೊಣೆಯೆಂಬ ಭಾವನೆಯೊಂದು ಇದರ ಬೇರಿನಲ್ಲಿದೆ. ಅದು ಗೌರವಾರ್ಹವಾದುದೆಂದು ನಾನು ಎಣಿಸುತ್ತೇನೆ.

ಆ ತ್ರ್ಯಂಬಕದಲ್ಲಿಯೇ 1870ರಲ್ಲಿ ಧುಂಡಿರಾಜ ಗೋವಿಂದ ಫಾಳಕೆ ಹುಟ್ಟಿದರು. ನಮ್ಮ ದೇಶದ ಮೊದಲ ಪೂರ್ಣ ಕಥಾಚಿತ್ರವೆಂದು ಮನ್ನಣೆ ಪಡೆದ ಅವರ 1913ರ ‘ರಾಜಾ ಹರಿಶ್ಚಂದ್ರ’ದ ಕಥೆಯು, ರಾಘವಾಂಕನ ಕಾವ್ಯವನ್ನು ಬಲ್ಲವರಿಗೆ ತಿಳಿದಿರುವಂತೆ, ತನ್ನ ಪರಮಸಂಕಟವನ್ನು ಮುಟ್ಟುವುದು ಸುಡುಗಾಡಿನಲ್ಲಿ. ಬಳಿಕ ಅವರು ನಾಸಿಕದಲ್ಲಿ ನೆಲೆಸಿ ‘ಮೋಹಿನೀ ಭಸ್ಮಾಸುರ’ವನ್ನು ತೆಗೆದರು, ಮೋಹಿಸಬಾರದ ಮೋಹಿನಿಯನ್ನು ಮೋಹಿಸಿ ಬೂದಿಯಾದ ಅಸುರನ ಆ ಚಿತ್ರದಲ್ಲಿ ಕಮಲಾಬಾಯಿ ಮೋಹಿನಿಯಾಗಿ ಕಾಣಿಸಿಕೊಂಡರು. ಫಾಳಕೆಯವರು ಇಂದ್ರಜಾಲವನ್ನೂ ಬಲ್ಲವರಾಗಿದ್ದರು. ವಸ್ತುವನ್ನು ಮಾಯಮಾಡುವ, ದೇಹವನ್ನು ಗಾಳಿಯಲ್ಲಿ ತೇಲಿಸುವ ಛಾಯಾಗ್ರಹಣದ ಚಮತ್ಕಾರಗಳನ್ನು ಅವರು ಸಾಧಿಸಿ ತೋರಿಸಿದರು; ಬೇತಾಳನನ್ನು ತೆರೆಯ ಮೇಲೆ ಹಾರಿಸಿದವರು ಬಂದುದು ಅನಂತರ.

ಫಾಳಕೆ ಹುಟ್ಟಿದ ವರ್ಷವೇ ಲಂಡನ್ನಿನಲ್ಲಿ ರಿಚರ್ಡ್ ಬರ್ಟನ್ನನ ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಪ್ರಕಟವಾಗಿ, ಬೇತಾಳನ ಹನ್ನೊಂದು ಕಥೆಗಳನ್ನು ಇಂಗ್ಲಿಷಿನ ಓದುಗರಿಗೆ ಒಯ್ದಿತು. ಸ್ಟೋಕರನು ಬರ್ಟನ್ನನನ್ನು ಖುದ್ದಾಗಿ ಕಂಡು, ಮಾತನಾಡುವಾಗ ಹೊಳೆಯುತ್ತಿದ್ದ ಅವನ ಕೋರೆಹಲ್ಲನ್ನು ಮರೆಯದೆ ಬರೆದಿಟ್ಟಿದ್ದಾನೆ. ಅಷ್ಟುಮಾತ್ರದಿಂದ ಡ್ರಾಕುಲನು ಪೈಠಣದ ಸಂತಾನವೆಂದು ಸಾಧಿಸಹೊರಡುವುದು ಸಲ್ಲದು. ಆದರೆ ನಮ್ಮ ಕಿರುತೆರೆಯ ಮಟ್ಟಿಗೆ ಸಂಬಂಧವು ನೇರವಾಗಿದೆ. 1985ರಲ್ಲಿ ರಾಮಾನಂದ ಸಾಗರರ ಸಂಸ್ಥೆಯು ದೂರದರ್ಶನಕ್ಕಾಗಿ ‘ವಿಕ್ರಮ್ ಔರ್ ಬೇತಾಲ್’ ಧಾರಾವಾಹಿಯನ್ನು ಸಿದ್ಧಪಡಿಸಿತು. ಮುಂದೆ ರಾಮನಾಗಿ ಮನೆಮನೆಯ ಆರಾಧ್ಯರಾದ ಅರುಣ್ ಗೋವಿಲ್ ಅದರಲ್ಲಿ ವಿಕ್ರಮರಾಗಿಯೂ, ಹಿರಿಯ ನಟ ಸಜ್ಜನ್ ಬೇತಾಳರಾಗಿಯೂ ನಟಿಸಿದರು. ಇಂದಿನ ಕಣ್ಣಿಗೆ ಅದರ ಉಪಕರಣಗಳು ಬಡವಾಗಿ ಕಂಡಾವು. ಆದರೆ ಪ್ರತಿಯೊಂದು ಕಂತಿನ ಕೊನೆಯಲ್ಲಿ ಪ್ರಶ್ನೆಯೊಂದಿತ್ತು. ಬೇತಾಳನು ಕೇಳಿದೊಡನೆ ಮನೆಯ ಮಕ್ಕಳೂ ಹಿರಿಯರೂ ವಿಕ್ರಮನು ಬಾಯ್ದೆರೆಯುವ ಮೊದಲೇ ತಮ್ಮ ತಮ್ಮ ತೀರ್ಪನ್ನು ಹೇಳಿ ವಾದಿಸುತ್ತಿದ್ದರು.

ಈಗಿನ ವ್ಯಾಂಪೈರ್ ಪ್ರಣಯಗಳಲ್ಲಿ ನನಗೆ ಕೊರತೆಯೆಂದು ತೋರುವುದು ಇದೇ. ಅವುಗಳಲ್ಲಿ ಸೌಂದರ್ಯವುಂಟು, ವಿರಹವುಂಟು. ಎಷ್ಟೋ ವೇಳೆ ನಟನೆಯೂ ಹೃದಯಂಗಮವಾಗಿರುತ್ತದೆ. ಆದರೆ ಗತಕಾಲವು ಬಂದು ಕಾಡಿದಾಗ ಪ್ರೇಕ್ಷಕನು ಮರುಗುವನೇ ಹೊರತು ಯೋಚಿಸುವುದಿಲ್ಲ. ಯಾರದು ನ್ಯಾಯ, ಯಾರು ಎಷ್ಟನ್ನು ಬಿಟ್ಟುಕೊಟ್ಟರು, ಕೊಟ್ಟ ಮಾತಿನ ಹಂಗು ಎಲ್ಲಿಯವರೆಗೆ, ಎಂದು ಅವನನ್ನು ಕೇಳುವವರಿಲ್ಲ. ಕೇಳಿದರೆ ಎಂಥ ಫಲ ಬರುವುದೆಂಬುದಕ್ಕೆ ಕನ್ನಡದಲ್ಲಿಯೇ ಸಾಕ್ಷಿಯಿದೆ. ತಲೆಗಳು ಅದಲುಬದಲಾದ ಬೇತಾಳನ ಕಥೆಯಲ್ಲಿ, ಸೋಮದೇವನ ಪಾಠದಂತೆ, ಗಂಡನ ತಲೆಯು ಹೆಂಡತಿಯ ಸೋದರನ ಮೈಗೂ ಸೋದರನದು ಗಂಡನ ಮೈಗೂ ಸೇರಿಹೋಗುತ್ತವೆ. ತಲೆಯೇ ಪ್ರಧಾನವಾದ್ದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ಅರಸನು ತೀರ್ಪು ಕೊಡುತ್ತಾನೆ. ಜರ್ಮನ್ ಲೇಖಕ ಥಾಮಸ್ ಮಾನನು 1940ರಲ್ಲಿ ಸೋದರನ ಜಾಗದಲ್ಲಿ ಗೆಳೆಯನುಳ್ಳ ಪಾಠವನ್ನು ಹಿಡಿದು, ಆ ತೀರ್ಪನ್ನು ಒಪ್ಪದೆ ಕಥೆಯನ್ನು ಮುಂದುವರಿಸಿದನು. ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ದಲ್ಲಿ ದೇವದತ್ತ, ಕಪಿಲ, ಪದ್ಮಿನಿಯರ ಮೂಲಕ ಅದೇ ಪ್ರಶ್ನೆಯನ್ನು ಮೈಯೊಳಗಿನ ನೆನಪಿನವರೆಗೆ ಇಳಿಸಿದರು. ಮೈಗೂ ಒಂದು ಗತಕಾಲವುಂಟು, ಅದು ಹೊಸ ತಲೆಯ ಆಜ್ಞೆಗೆ ಒಳಪಡದು ಎಂಬ ಅವರ ದರ್ಶನವು, ಬೇತಾಳನು ಪ್ರಶ್ನೆ ಕೇಳದೆ ಕಥೆಯನ್ನಷ್ಟೇ ಹೇಳಿದ್ದರೆ ಹುಟ್ಟುತ್ತಿರಲಿಲ್ಲ.

ಇಪ್ಪತ್ತಮೂರು ಬಾರಿ ಉತ್ತರ ಹೇಳಿದ ತ್ರಿವಿಕ್ರಮಸೇನನು ಇಪ್ಪತ್ತನಾಲ್ಕನೆಯದಕ್ಕೆ ಸುಮ್ಮನಾದನು. ಕಾಡಿನಲ್ಲಿ ಅಪರಿಚಿತರಾದ ತಾಯಿ-ಮಗಳಿಬ್ಬರ ಹೆಜ್ಜೆಗುರುತುಗಳನ್ನು ಕಂಡು, ದೊಡ್ಡ ಪಾದದವಳು ತನಗೆ, ಸಣ್ಣ ಪಾದದವಳು ಮಗನಿಗೆ ಎಂದು ಗೊತ್ತುಮಾಡಿಕೊಂಡ ತಂದೆಯೊಬ್ಬನು, ತಾಯಿಯದೇ ಸಣ್ಣ ಪಾದವಾಗಿದ್ದುದರಿಂದ, ಮಗಳನ್ನು ತಾನು ವರಿಸಿ, ಮಗನಿಗೆ ತಾಯಿಯನ್ನು ತಂ‌ದುಕೊಳ್ಳಬೇಕಾಯಿತು. ಅವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ಅರಸನಿಗೆ ನಿಜವಾಗಿಯೂ ತಿಳಿಯಲಿಲ್ಲ, ಮಾತನಾಡದೆ ನಡೆದನು. ಆಗ ಬೇತಾಳನು ಪ್ರಸನ್ನನಾಗಿ, ಭಿಕ್ಷುವು ನಿನ್ನನ್ನೇ ಬಲಿಕೊಡಲು ಹವಣಿಸಿದ್ದಾನೆ, ಸಾಷ್ಟಾಂಗ ಬೀಳೆಂದರೆ ನೀನೇ ಮೊದಲು ತೋರಿಸೆನ್ನು, ಎಂದು ಉಪಾಯ ಹೇಳಿಕೊಟ್ಟನು. ಅರಸನು ಹಾಗೆಯೇ ಮಾಡಿ, ಬಗ್ಗಿದ ಕ್ಷಾಂತಿಶೀಲನ ತಲೆಯನ್ನು ಕಡಿದು ಬದುಕಿಕೊಂಡನು. ವರವೇನು ಬೇಕೆಂದು ಬೇತಾಳನು ಕೇಳಿದಾಗ ಅರಸನು ರಾಜ್ಯವನ್ನು ಬೇಡಲಿಲ್ಲ. ಈ ಕಥೆಗಳೂ ಇವುಗಳನ್ನು ಕೇಳಿದ ಈ ರಾತ್ರಿಯ ಕಥೆಯೂ ಲೋಕದಲ್ಲಿ ಪ್ರಸಿದ್ಧವಾಗಲೆಂದು ಬೇಡಿದನು. ಬೇತಾಳನು ಅದಕ್ಕೆ ಒಪ್ಪಿ, ಇವುಗಳನ್ನು ಎಲ್ಲಿ ಓದುವರೋ ಅಲ್ಲಿ ಯಕ್ಷ, ರಾಕ್ಷಸ, ಬೇತಾಳರ ಯಾವ ಪ್ರಭಾವವೂ ನಡೆಯದೆಂದು ತಾನಾಗಿ ಇನ್ನೊಂದು ವರವನ್ನೂ ಸೇರಿಸಿ ಕೊಟ್ಟನು.